ಬಾಯಿಬಿಟ್ಟು ಕೇಳಲಾಗದ ಹಣ: ಉಚಿತ ತಂತ್ರಾಂಶವೊಂದನ್ನು ನೋಡಿಕೊಳ್ಳುವವರ ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಬರುವವರ ವಯಸ್ಸು, ಊರು ಮತ್ತು ಅವರ ತಂತ್ರಾಂಶದ ಸ್ವರೂಪವನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಲು ಕೊಟ್ಟು, ಒಪ್ಪಿಗೆ ಪಡೆದ ಮೇಲೆಯೇ ಇಲ್ಲಿ ದಾಖಲಿಸುತ್ತಿದ್ದೇನೆ.

ಮೂವತ್ತಾರು ವರ್ಷದ ಅವರು ನನ್ನ ಬಳಿ ಬಂದದ್ದು ನಿದ್ರೆ ಬರುತ್ತಿಲ್ಲವೆಂದು. ಹಗಲು ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಊಟವಾದ ಮೇಲೆ, ಎಂಟು ವರ್ಷಗಳ ಹಿಂದೆ ತಾವೇ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಸಾಧನವೊಂದನ್ನು ನೋಡಿಕೊಳ್ಳುತ್ತಿದ್ದರು. ಡೇಟಾಬೇಸಿನ ರಚನೆ ಬದಲಿಸುವಾಗ ಹಳೆಯ ಮಾಹಿತಿ ಕೆಡದಂತೆ ಕಾಯುವ ಈ ಸಾಧನವನ್ನು ಡೆವಲಪರ್‌ಗಳು ಹಲವು ದೇಶಗಳಲ್ಲಿ ಬಳಸುತ್ತಾರೆ. ಮೊದಲ ಭೇಟಿಯಲ್ಲಿ ಅವರು ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಿದ್ದರು. ಅದು ಗುಯ್ಗುಟ್ಟಿದಾಗಲೆಲ್ಲ ಅವರ ಬಲಗೈ ಹೆಬ್ಬೆರಳು ತಾನಾಗಿ ಅಲುಗುತ್ತಿತ್ತು, ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಆ ಐವತ್ತು ನಿಮಿಷಗಳಲ್ಲಿ ಹನ್ನೊಂದು ಸಲ ಹಾಗಾಯಿತು. ಹಿಂದಿನ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಬಂದ ಸಂದೇಶವೊಂದನ್ನು ತೋರಿಸಿದರು: ಎಂದೂ ಮುಖ ನೋಡದ ದೊಡ್ಡ ಕಂಪನಿಯೊಂದರ ನೌಕರರು, ತಮ್ಮ ತಂತ್ರಾಂಶದ ಹೊಸ ಆವೃತ್ತಿಯ ಬಿಡುಗಡೆ ನಿಂತುಹೋಗಿದೆ, ದೋಷ ಯಾವಾಗ ಸರಿಯಾಗುತ್ತದೆ ಎಂದು ಮೂರನೆಯ ಬಾರಿ ಕೇಳಿದ್ದರು. ಹೆಂಡತಿಯ ಮಾತನ್ನೂ ಹೇಳಿದರು: “ರೀ, ಇವರಲ್ಲಿ ಒಬ್ಬರಾದರೂ ನಮ್ಮ ಮನೆ ಬಾಡಿಗೆ ಕಟ್ಟುತ್ತಾರಾ?”

ಹಣ ಕೇಳುವ ಯೋಚನೆ ಅವರಿಗೆ ಎರಡು ವರ್ಷದಿಂದ ಇತ್ತು. ದೇಣಿಗೆಗೆಂದು ಗುಂಡಿಯೊಂದನ್ನು ಇಟ್ಟಿದ್ದರು. ತಿಂಗಳಿಗೆ ಎರಡು ಮೂರು ಸಾವಿರ ರೂಪಾಯಿ ಬರುತ್ತಿತ್ತು, ಅದೂ ಹೆಚ್ಚಾಗಿ ವಿದ್ಯಾರ್ಥಿಗಳಿಂದ ಮತ್ತು ಒಂಟಿಯಾಗಿ ಕೆಲಸ ಮಾಡುವವರಿಂದ. ಕಂಪನಿಗಳಿಂದ ಬೆಲೆ ಪಡೆಯುವ ಯೋಜನೆ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇತ್ತು, ಪ್ರಕಟಿಸಲು ಮಾತ್ರ ಕೈ ಬರುತ್ತಿರಲಿಲ್ಲ. “ಈಗ ಹಣ ಕೇಳಿದರೆ ಇಷ್ಟು ವರ್ಷ ಕೊಟ್ಟದ್ದೆಲ್ಲ ಸುಳ್ಳಾಗುತ್ತದೆ ಮೇಡಂ. ನಾನು ಅನ್ನಕ್ಕೆ ಬೆಲೆ ಕಟ್ಟದ ಜಾಗದಲ್ಲಿ ಬೆಳೆದವನು” ಎಂದರು.

ಈ ಕೊನೆಯ ಮಾತನ್ನು ನಾನು ಹಿಡಿದುಕೊಂಡೆ. ಅವರು ಹೈಸ್ಕೂಲು ಮುಗಿಯುವವರೆಗೆ ಮಠವೊಂದರ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರು. ತಮ್ಮ ಕೋಡನ್ನು ಅವರು ಮನಸ್ಸಿನಲ್ಲಿ ದಾಸೋಹವೆಂದೇ ಭಾವಿಸಿದ್ದರು, ಅದರಲ್ಲಿ ತೋರಿಕೆ ಇರಲಿಲ್ಲ. ಮಠದ ಅಡುಗೆಮನೆಗೆ ರಾಗಿ ಎಲ್ಲಿಂದ ಬರುತ್ತಿತ್ತು ಎಂದು ಎರಡನೆಯ ಭೇಟಿಯಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸುಗ್ಗಿ ಮುಗಿದ ಮೇಲೆ ಸುತ್ತಲಿನ ರೈತರು ಟ್ರ್ಯಾಕ್ಟರಿನಲ್ಲಿ ಮೂಟೆಗಳನ್ನು ತಂದು ಉಗ್ರಾಣದ ಮುಂದೆ ಇಳಿಸುತ್ತಿದ್ದುದನ್ನು, ಹುಡುಗರೆಲ್ಲ ಸಾಲಾಗಿ ನಿಂತು ಅವನ್ನು ಒಳಗೆ ಸಾಗಿಸುತ್ತಿದ್ದುದನ್ನು ಹೇಳಿದರು. ಮೂಟೆ ತರಲಾರದ ಮನೆಯ ಮಕ್ಕಳೂ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಹಾಗಿದ್ದರೆ ನಿಮ್ಮ ಉಗ್ರಾಣಕ್ಕೆ ಮೂಟೆ ತರುವವರು ಯಾರು ಎಂದು ನಾನು ಕೇಳಿದ್ದಕ್ಕೆ ಅವರು ಆ ದಿನ ಉತ್ತರ ಕೊಡಲಿಲ್ಲ.

ನನ್ನ ಅನುಭವದಲ್ಲಿ ಇಂಥವರನ್ನು ಕಾಡುವುದು ಲೆಕ್ಕಾಚಾರವಲ್ಲ, ದಾಕ್ಷಿಣ್ಯ. ಅವರು ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದಿದ್ದರು. ಎಂಟು ವರ್ಷಗಳಲ್ಲಿ ಬರೆದು ಬಿಡುಗಡೆ ಮಾಡಿದ ಕೋಡು ಮುಕ್ತ ಪರವಾನಗಿಯಡಿ, ಎಂದರೆ ಯಾರು ಬೇಕಾದರೂ ಬಳಸಿ ಬದಲಿಸಬಹುದೆಂಬ ಒಪ್ಪಿಗೆಯಡಿ, ಜನರ ಕೈ ಸೇರಿಯಾಗಿದೆ. ಅದನ್ನು ಅವರು ಬಯಸಿದರೂ ಹಿಂದಕ್ಕೆ ಪಡೆಯಲಾರರು, ಆದ್ದರಿಂದ ಅದು ಸುಳ್ಳಾಗುವ ಪ್ರಶ್ನೆಯೇ ಇಲ್ಲ. ನಾಳೆಯ ರಾತ್ರಿ ಎದ್ದು ಕುಳಿತು ಉತ್ತರಿಸುವ ಹೊಣೆಯನ್ನು ಮಾತ್ರ ಅವರು ಯಾರಿಗೂ ಬರೆದುಕೊಟ್ಟಿಲ್ಲ. ಬೆಲೆ ಕೇಳುತ್ತಿರುವುದು ಆ ಮುಂದಿನ ಹೊಣೆಗೆ. ಇದನ್ನು ನಾನು ಮೂರು ಭೇಟಿಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಹೇಳಬೇಕಾಯಿತು.

ಅವರೇ ತಂದ ಉದಾಹರಣೆಗಳು ನಮಗೆ ನೆರವಾದವು. 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಅಂತರಜಾಲದ ಬಹುಪಾಲು ಸುರಕ್ಷತೆಯನ್ನು ಹೊತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬುದು ಜಗತ್ತಿಗೆ ತಿಳಿಯಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ಎಂಬ ಯೋಜನೆಯನ್ನು ಬಹುಮಟ್ಟಿಗೆ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ತಮ್ಮ ಮಾನಸಿಕ ಆರೋಗ್ಯ ಚೆನ್ನಾಗಿಲ್ಲವೆಂದು 2022ರಲ್ಲಿ ಅವರು ಬಹಿರಂಗವಾಗಿ ಹೇಳಿದ ಮೇಲೂ ಒತ್ತಡ ನಿಲ್ಲಲಿಲ್ಲ. ಆಗ ನೆರವಿಗೆ ಬಂದಂತೆ ನಟಿಸಿದ ಸಹನಿರ್ವಾಹಕರು ಸೇರಿಸಿದ್ದ ಹಿಂಬಾಗಿಲು, ಎಂದರೆ ಕದ್ದು ಒಳನುಗ್ಗಲು ಬಿಡುವ ಕೋಡು, 2024ರ ಮಾರ್ಚ್‌ನಲ್ಲಿ ಪತ್ತೆಯಾಯಿತು. ದಣಿದ ಒಬ್ಬ ಮನುಷ್ಯನ ನಿದ್ರೆಗೂ ಲಕ್ಷಾಂತರ ಸರ್ವರ್‌ಗಳ ಸುರಕ್ಷತೆಗೂ ಇರುವ ಸಂಬಂಧವನ್ನು ಆಪ್ತಸಲಹೆಗಾರರಾದ ನಾವು ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ. ಇನ್ನೊಂದು ಕಡೆ, 2012ರಲ್ಲಿ ಆರಂಭವಾದ ಸೈಡ್‌ಕಿಕ್ ಎಂಬ ತಂತ್ರಾಂಶ ತನ್ನ ಮೂಲ ಭಾಗವನ್ನು ಮುಕ್ತವಾಗಿಯೇ ಇಟ್ಟು, ಹೆಚ್ಚಿನ ಸೌಲಭ್ಯಗಳಿರುವ ಆವೃತ್ತಿಯನ್ನು ಕಂಪನಿಗಳಿಗೆ ಮಾರುತ್ತ ಇಂದಿಗೂ ಚೆನ್ನಾಗಿ ನಡೆಯುತ್ತಿದೆ.

ಸಲಹೆಯ ವಿಚಾರಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು, ಅವರು ದುಡಿಯುವ ಕಂಪನಿಯ ನೇಮಕಾತಿ ಪತ್ರವನ್ನು ತೆಗೆದು ಓದಲು ಹೇಳಿದೆ. ಹೊರಗಿನ ಗಳಿಕೆಗೆ ಮತ್ತು ಸ್ವಂತ ಸಮಯದಲ್ಲಿ ಬರೆದ ಕೋಡಿನ ಒಡೆತನಕ್ಕೆ ಅದರಲ್ಲಿ ಷರತ್ತುಗಳಿದ್ದವು. ಲಿಖಿತ ಅನುಮತಿ ಪಡೆಯಲು ಏಳು ವಾರ ಹಿಡಿಯಿತು. ತೆರಿಗೆ ನನ್ನ ಕ್ಷೇತ್ರವಲ್ಲ, ಆಡಿಟರ್ ಬಳಿ ಕಳುಹಿಸಿದೆ. ಬೆಂಗಳೂರಿನದೇ ಆದ ಷೇರು ವಹಿವಾಟಿನ ಜೆರೋಧಾ ಸಂಸ್ಥೆ 2024ರಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಆರಂಭಿಸಿರುವುದರಿಂದ ಅದಕ್ಕೂ ಅರ್ಜಿ ಹಾಕುವಂತೆ ಸೂಚಿಸಿದೆ. ಆದರೆ ಒಮ್ಮೆ ಬರುವ ನೆರವನ್ನು ನಂಬಿ ಬೆಲೆಯ ಮಾತನ್ನು ಮುಂದೂಡಬಾರದೆಂದೂ ಹೇಳಿದೆ.

ಬೆಲೆ ಯಾರಿಗೆ ಎಂಬುದನ್ನು ಅವರೇ ನಿರ್ಧರಿಸಿದರು, ನಾನು ಪ್ರಶ್ನೆ ಕೇಳಿದೆ ಅಷ್ಟೆ. 2021ರಲ್ಲಿ ಡಾಕರ್ ಎಂಬ ಕಂಪನಿ ಡೆವಲಪರ್‌ಗಳು ಬಳಸುವ ತನ್ನ ಡೆಸ್ಕ್‌ಟಾಪ್ ಸಾಧನಕ್ಕೆ ಬೆಲೆ ನಿಗದಿ ಮಾಡಿದಾಗ, 250ಕ್ಕಿಂತ ಕಡಿಮೆ ನೌಕರರು ಮತ್ತು 1 ಕೋಟಿ ಡಾಲರಿಗಿಂತ ಕಡಿಮೆ ವಾರ್ಷಿಕ ಆದಾಯವಿರುವ ಸಂಸ್ಥೆಗಳಿಗೆ ಉಚಿತವಾಗಿಯೇ ಉಳಿಸಿತ್ತು. ಅದೇ ಜಾಡಿನಲ್ಲಿ ಇವರು ವಿದ್ಯಾರ್ಥಿಗಳು, ಒಂಟಿ ಡೆವಲಪರ್‌ಗಳು ಮತ್ತು ಸಣ್ಣ ಕಂಪನಿಗಳನ್ನು ಬೆಲೆಯಿಂದ ಹೊರಗಿಟ್ಟು, ದೊಡ್ಡವರಿಗೆ ಮಾತ್ರ ಉಪಯೋಗಕ್ಕೆ ಬರುವ ಲೆಕ್ಕಪರಿಶೋಧನೆಯ ದಾಖಲೆ ಮತ್ತು ನಿಗದಿತ ಅವಧಿಯೊಳಗೆ ಉತ್ತರ ಕೊಡುವ ಸೇವೆಗೆ ವಾರ್ಷಿಕ ಶುಲ್ಕವಿಟ್ಟರು. ಮೂಲ ಸಾಧನದ ಪರವಾನಗಿಯನ್ನು ಮುಟ್ಟಬೇಡಿ ಎಂದು ನಾನು ಒತ್ತಿ ಹೇಳಿದೆ. 2023ರಲ್ಲಿ ಹ್ಯಾಶಿಕಾರ್ಪ್ ಕಂಪನಿ ಟೆರಾಫಾರ್ಮ್ ಎಂಬ ತನ್ನ ಮುಕ್ತ ಸಾಧನದ ಪರವಾನಗಿ ಬದಲಿಸಿದಾಗ ಬಳಕೆದಾರರು ಮುನಿಸಿಕೊಂಡು ಹಳೆಯ ಕೋಡಿನಿಂದಲೇ ಓಪನ್‌ಟೋಫು ಎಂಬ ಪ್ರತ್ಯೇಕ ಕವಲನ್ನೇ ಕಟ್ಟಿದರು. ಒಬ್ಬಂಟಿ ನಿರ್ವಾಹಕರ ಮನಸ್ಸು ಅಂಥ ಜಗಳವನ್ನು ತಾಳದು ಎಂಬುದು ನನ್ನ ಅಂದಾಜಾಗಿತ್ತು. ಹಿಂದೆ ಕೋಡು ಕೊಟ್ಟಿದ್ದ ಮೂವರು ಸಹಾಯಕರಿಗೆ ಪ್ರಕಟಣೆಗೆ ಮುಂಚೆಯೇ ಖುದ್ದಾಗಿ ತಿಳಿಸಬೇಕು, ಪ್ರಕಟಣೆಗೂ ಜಾರಿಗೂ ನಡುವೆ ಮೂರು ತಿಂಗಳು ಬಿಡಬೇಕು ಎಂದು ಒಪ್ಪಂದವಾಯಿತು.

ಪ್ರಕಟಣೆಯ ಕರಡನ್ನು ಅವರು ನಾಲ್ಕನೆಯ ಭೇಟಿಗೆ ಮುದ್ರಿಸಿ ತಂದರು. ಒಂದು ಪುಟದಲ್ಲಿ ‘ಕ್ಷಮಿಸಿ’ ಎಂಬ ಅರ್ಥದ ಪದ ಐದು ಕಡೆ ಇತ್ತು. ಪೆನ್ನು ಅವರ ಕೈಗೇ ಕೊಟ್ಟೆ. ನಾಲ್ಕನ್ನು ಬೇಗ ಹೊಡೆದುಹಾಕಿದರು. ಐದನೆಯದರ ಮೇಲೆ ಪೆನ್ನಿನ ಮೊನೆ ಬಹಳ ಹೊತ್ತು ನಿಂತಿತ್ತು. ಕೊನೆಗೆ ಅದನ್ನೂ ಹೊಡೆದು, ಆ ಜಾಗದಲ್ಲಿ ‘ಈ ಸಾಧನವನ್ನು ಇನ್ನೂ ಹತ್ತು ವರ್ಷ ನೋಡಿಕೊಳ್ಳಬೇಕೆಂದು ನನ್ನ ಆಸೆ, ಅದಕ್ಕೆ ಇಷ್ಟು ಹಣ ಬೇಕು’ ಎಂದು ಬರೆದರು. ಜೊತೆಗೆ, ರಾತ್ರಿ ಒಂಬತ್ತರ ನಂತರ ಫೋನು ಅಡುಗೆಮನೆಯ ಡಬ್ಬಿಗಳ ಹಿಂದೆ ಇರಬೇಕೆಂದು ಹೆಂಡತಿಯೊಂದಿಗೆ ಕುಳಿತು ತೀರ್ಮಾನಿಸಿದರು.

ಬೆಲೆ ಜಾರಿಯಾಗಿ ಆರು ತಿಂಗಳಾಗಿದೆ. ಒಂಬತ್ತು ಕಂಪನಿಗಳು ಶುಲ್ಕ ಕಟ್ಟಿವೆ. ಮಧ್ಯರಾತ್ರಿಯ ಸಂದೇಶ ಕಳುಹಿಸುತ್ತಿದ್ದ ಕಂಪನಿ ಅವುಗಳಲ್ಲಿಲ್ಲ, ಅದು ಬೇರೆ ಸಾಧನಕ್ಕೆ ಹೋಯಿತು. ಅದಕ್ಕಾಗಿ ಎರಡು ದಿನ ಊಟ ಸೇರಲಿಲ್ಲವೆಂದು ಅವರು ಹೇಳಿದರು, ಅದು ಸಹಜವೆಂದು ನಾನೂ ಹೇಳಿದೆ. ನೌಕರಿ ಬಿಡುವಷ್ಟು ಆದಾಯ ಬಂದಿಲ್ಲ. ವಾರಕ್ಕೊಂದು ದಿನ ರಜೆ ಪಡೆದು ಹಗಲಿನಲ್ಲೇ ಈ ಕೆಲಸ ಮಾಡುವಷ್ಟು ಬಂದಿದೆ. ನಿದ್ರೆ ಆರು ಗಂಟೆಗೆ ಏರಿದೆ. ಸಹಾಯಕರಲ್ಲಿ ಒಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ, ಅವರಿಗೆ ಬರೆಯಬೇಕಾದ ಪತ್ರದ ಬಗ್ಗೆ ಮುಂದಿನ ಭೇಟಿಯಲ್ಲಿ ಕುಳಿತು ಮಾತನಾಡಲಿದ್ದೇವೆ.