ಕ್ಯಾಮೆರಾ ಬರುವ ತನಕ ಹೂವು ಕಾಯಲಿಲ್ಲ

ನಿಮ್ಮ ಪ್ರಶ್ನೆ ಓದಿ ಒಂದು ನಿಮಿಷ ಸುಮ್ನೆ ಕೂತುಬಿಟ್ಟೆ. ಕೂಡಿಟ್ಟ ಒಂದೂವರೆ ಲಕ್ಷ, ಮಡಿಕೇರಿ ಹತ್ತಿರ ಒಂದು ಕಿರುಚಿತ್ರ, ಯಾವ ಕ್ಯಾಮೆರಾ ಬಾಡಿಗೆಗೆ ತರಲಿ, ಹಾಕಿದ ದುಡ್ಡು ವಾಪಸ್ ಬರುತ್ತಾ. ಏಳು ವರ್ಷದ ಹಿಂದೆ ಇದೇ ಎರಡು ಪ್ರಶ್ನೆ ಹೊತ್ತುಕೊಂಡು ನಾನು ಬೆಂಗಳೂರಿಗೆ ನಾಲ್ಕು ಸಲ ಓಡಾಡಿದ್ದೆ.

ನಮ್ಮದು ಸೋಮವಾರಪೇಟೆ ಕಡೆ. ನನ್ನ ಕಥೆ ತುಂಬ ಚಿಕ್ಕದು. ಸಾಲಕ್ಕೆ ತೋಟ ಮಾರಿದ ಒಬ್ಬ ತಾಯಿ, ಮಾರಿದ ಮೇಲೆ ಬಂದ ಮೊದಲ ಕಾಫಿ ಹೂವನ್ನು ಬೇಲಿಯ ಈಚೆ ನಿಂತು ನೋಡುತ್ತಾಳೆ. ಅಷ್ಟೇ. ತಾಯಿಯ ಪಾತ್ರಕ್ಕೆ ನಮ್ಮ ಸೋದರತ್ತೆ ಒಪ್ಪಿದ್ದರು. ಮೂವತ್ತು ವರ್ಷ ಮೇಷ್ಟ್ರಮ್ಮ ಆಗಿದ್ದವರು, ಕ್ಯಾಮೆರಾ ಮುಂದೆ ಒಂದು ಚೂರೂ ಅಳುಕುತ್ತಿರಲಿಲ್ಲ. ಹೂವಿನ ದೃಶ್ಯ ಇಲ್ಲದಿದ್ದರೆ ಆ ಚಿತ್ರವೇ ಇಲ್ಲ.

ನೀವು ಕೊಡಗಿನವರೇ ಆಗಿದ್ದರೆ ಹೂಮಳೆ ವಿಷಯ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಕೇಳಿ. ಬೇಸಿಗೆಯ ಮೊದಲ ಒಳ್ಳೆ ಮಳೆ, ಒಂದಿಂಚಿನಷ್ಟು ಬಿದ್ದರೆ ಸಾಕು, ಒಣಗಿ ನಿಂತ ಮೊಗ್ಗು ಊದಿಕೊಳ್ಳುತ್ತದೆ. ಎಂಟು ಹತ್ತು ದಿನಕ್ಕೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಇಡೀ ತೋಟ ಬೆಳ್ಳಗೆ. ಮಲ್ಲಿಗೆಯಂಥ ವಾಸನೆ ಮನೆಯೊಳಗೇ ಬಂದಿರುತ್ತದೆ. ಜೇನಿನ ಸದ್ದು ರಸ್ತೆವರೆಗೂ ಕೇಳುತ್ತದೆ. ಎರಡು ಮೂರು ದಿನ ಅಷ್ಟೇ. ಆಮೇಲೆ ಹೂವು ಕಂದಿ, ತಳ ಹಿಡಿದ ಅನ್ನದ ಬಣ್ಣಕ್ಕೆ ತಿರುಗುತ್ತದೆ.

ಆ ವರ್ಷ ಮಾರ್ಚ್‌ನಲ್ಲಿ ಮಳೆ ಬಿತ್ತು. ನಾನು ಬುಕ್ ಮಾಡಿದ್ದ ಕ್ಯಾಮೆರಾ ಮದುವೆ ಸೀಸನ್ ಅಂತ ಬೇರೆ ಕಡೆ ಹೋಗಿತ್ತು. ಮಳೆ ಬಿದ್ದ ಹದಿನಾಲ್ಕನೇ ದಿನಕ್ಕೆ ಕೊಡುತ್ತೇವೆ ಅಂದರು. ನಾಲ್ಕು ದಿನಕ್ಕೆ ಲೆನ್ಸ್, ಕ್ಯಾಮೆರಾ ಜೊತೆ ಬರುವ ಹುಡುಗ ಎಲ್ಲ ಸೇರಿ 42,000 ರೂಪಾಯಿ. ಅಡ್ವಾನ್ಸ್ ಆಗಲೇ ಕೊಟ್ಟಿದ್ದೆ.

ಒಂಬತ್ತನೇ ದಿನ ಹೂವು ಅರಳಿತು. ಅತ್ತೆ ಬೆಳಿಗ್ಗೆ ಆರೂವರೆಗೇ ಪಾತ್ರದ ನೀಲಿ ಸೀರೆ ಉಟ್ಟು ಬೇಲಿ ಹತ್ತಿರ ಬಂದು ನಿಂತಿದ್ದರು. ನಾನು ಕರೆದಿರಲಿಲ್ಲ, ಅವರೇ ಬಂದಿದ್ದರು. ಸಿಲ್ವರ್ ಓಕ್ ನಡುವೆ ಬಿಸಿಲು ಇನ್ನೂ ಓರೆಯಾಗಿ ಇಳಿಯುತ್ತಿತ್ತು. "ನಿನ್ನ ಫೋನಲ್ಲೇ ತೆಗೆದುಬಿಡೋ, ನಾಳೆ ಹೇಗೋ ಏನೋ" ಅಂದರು.

ಫೋನ್ ಜೇಬಲ್ಲಿತ್ತು. ನಾನು ತೆಗೆಯಲಿಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ನೀವೂ ಇದೇ ಜಾಗಕ್ಕೆ ಬಂದು ನಿಲ್ಲುತ್ತೀರಿ. ಉಳಿದ ದೃಶ್ಯಗಳೆಲ್ಲ ದೊಡ್ಡ ಕ್ಯಾಮೆರಾದಲ್ಲಿ ಬರುತ್ತವೆ, ಇದೊಂದು ಫೋನಿನದ್ದಾದರೆ ಹೊಂದುವುದಿಲ್ಲ ಅಂದುಕೊಂಡೆ. ಮೇಲಿನ ಇಳಿಜಾರಿನಲ್ಲಿ ಹೂವು ತಡವಾಗಿ ಬರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಮಳೆ ಎಲ್ಲ ಕಡೆ ಒಂದೇ ದಿನ ಬಿದ್ದಿತ್ತು, ಹಾಗಾಗಿ ಎಲ್ಲವೂ ಒಟ್ಟಿಗೇ ಅರಳಿ ಒಟ್ಟಿಗೇ ಬಾಡಿದವು. ಮೂರನೆಯದು ನಿಜವಾದ ಕಾರಣ. ಬಾಡಿಗೆ ಕ್ಯಾಮೆರಾ ಬರುವ ತನಕ ನನಗೆ ನಾನು ಸಿನಿಮಾ ಮಾಡುವವನು ಅನ್ನಿಸಿರಲೇ ಇಲ್ಲ. ಕಥೆ ಇತ್ತು, ನಟಿ ಇದ್ದರು, ಬೆಳಕಿತ್ತು, ಹೂವಿತ್ತು. ನಾನು ಮಾತ್ರ ತಯಾರಿರಲಿಲ್ಲ.

ಕ್ಯಾಮೆರಾ ಬಂದಾಗ ತೋಟ ಕಂದಿತ್ತು. ನಾಲ್ಕು ದಿನ ಮನೆಯೊಳಗಿನ ದೃಶ್ಯ ತೆಗೆದು ಕ್ಯಾಮೆರಾ ವಾಪಸ್ ಕಳಿಸಿದೆ. ಎಲ್ಲವೂ ಚೆಂದ, ಒಂದೂ ಕೆಲಸಕ್ಕೆ ಬರಲಿಲ್ಲ.

ಹಾಗಾಗಿ ಯಾವ ಕ್ಯಾಮೆರಾ ಅನ್ನುವ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಜೇಬಲ್ಲಿರುವುದು ಸಾಕು. ಟ್ಯಾಂಜರೀನ್ ಅನ್ನುವ ಅಮೆರಿಕದ ಚಿತ್ರವನ್ನು ಐಫೋನ್ 5ಎಸ್‌ನಲ್ಲಿ ತೆಗೆದದ್ದು, ಅದು 2015ರಲ್ಲಿ ಬಂತು. ನಟರು ಎಲ್ಲಿ ಸಿಗುತ್ತಾರೆ ಅಂತಲೂ ಯೋಚಿಸಬೇಡಿ. ನಮ್ಮ "ತಿಥಿ" ಮಂಡ್ಯದ ಹಳ್ಳಿಯವರನ್ನೇ ನಿಲ್ಲಿಸಿ ಮಾಡಿದ ಚಿತ್ರ, ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಗೆದ್ದಿತು.

ಫೋನಿನಲ್ಲಿ ಮಾಡುವಾಗ ಎಕ್ಸ್‌ಪೋಷರ್ ಅಂದರೆ ಬೆಳಕಿನ ಅಳತೆ, ಫೋಕಸ್ ಎರಡನ್ನೂ ಲಾಕ್ ಮಾಡಿ. ತೋಟದ ನೆರಳಲ್ಲಿ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಪಾತ್ರ ನಾಲ್ಕು ಹೆಜ್ಜೆ ನಡೆದರೆ ಫೋನ್ ತಾನೇ ಬೆಳಕು ಏರಿಸಿ ಇಳಿಸಿ ಹಾಳು ಮಾಡುತ್ತದೆ. ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ಇಡಿ, ಇಲ್ಲದಿದ್ದರೆ ಮಿನುಗುತ್ತದೆ. ದುಡ್ಡು ಹಾಕುವುದಾದರೆ ಕಾಲರ್ ಮೈಕ್‌ಗೆ ಹಾಕಿ, ಊಟಕ್ಕೆ ಹಾಕಿ. ಬೆಳಿಗ್ಗೆ ಐದಕ್ಕೆ ಎದ್ದು ಬಂದವರಿಗೆ ಬಿಸಿ ಬಿಸಿ ಕಡುಬು, ಸಾರು ಕೊಡಬೇಕಲ್ವಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಮಾತಿನ ದೃಶ್ಯ ಇಟ್ಟುಕೊಳ್ಳಲೇಬೇಡಿ, ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಸಾಫ್ಟ್‌ವೇರಿನಲ್ಲಿ ಪೂರ್ತಿ ತೆಗೆಯುವುದು ಕಷ್ಟ.

ದುಡ್ಡು ವಾಪಸ್ ಬರುವುದಿಲ್ಲ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್, ಮಾಮೂಲಿ ವಿಡಿಯೊ ಆದರೆ ವರ್ಷದಲ್ಲಿ 4,000 ಗಂಟೆ ನೋಡಿರಬೇಕು. ಒಂದು ಕಿರುಚಿತ್ರಕ್ಕೆ ಅದು ಆಗುವ ಮಾತಲ್ಲ. ವಾಪಸ್ ಬರಲೇಬೇಕಾದ ದುಡ್ಡಾದರೆ ಅದನ್ನು ಮುಟ್ಟಬೇಡಿ. ಹತ್ತು ಸಾವಿರದಲ್ಲಿ ಮಾಡಿ.

ಮರುವರ್ಷ ನಾನು ಹಾಗೇ ಮಾಡಿದೆ. ಕೊಡಗಿನ ಸಿದ್ದಾಪುರದ ಕಡೆ ರೋಬಸ್ಟಾ ಜಾತಿಯ ಕಾಫಿ ಜಾಸ್ತಿ. ಅದು ನಮ್ಮ ಅರೇಬಿಕಾಗಿಂತ ಮೊದಲು ಅರಳುತ್ತದೆ. ಮಳೆ ಕಾಯದೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಿ ಹೂವು ಬಿಡಿಸುವವರೂ ಇದ್ದಾರೆ. ನೀರು ಹಾಕಿದ ತಾರೀಖು ಗೊತ್ತಿದ್ದರೆ ಹೂವಿನ ತಾರೀಖು ಹೆಚ್ಚುಕಮ್ಮಿ ಗೊತ್ತಾದ ಹಾಗೆ. ಅಲ್ಲಿ ಗೆಳೆಯನ ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್‌ಗೆ ಮೂರು ವಾರ ದಿನಾ ಫೋನ್ ಮಾಡುತ್ತಿದ್ದೆ. ಅಷ್ಟರಲ್ಲಿ ಅತ್ತೆಗೆ ಮಂಡಿ ಆಪರೇಷನ್ ಆಗಿತ್ತು, ಬೇಲಿಯುದ್ದಕ್ಕೂ ನಡೆಯುವ ದೃಶ್ಯ ಆಗಲೇ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಆರೂವರೆಯಿಂದ ಒಂಬತ್ತರವರೆಗೆ ನನ್ನ ಫೋನಲ್ಲೇ ತೆಗೆದೆ. ಅವರು ಕೈ ಚಾಚಿ ಬೇಲಿ ದಾಟಿ ಬಂದ ಒಂದು ಕೊಂಬೆ ಹಿಡಿದು ನೋಡಿ, ಮೆಲ್ಲಗೆ ಆಚೆಗೇ ತಳ್ಳಿದರು. ಅದನ್ನು ನಾನು ಬರೆದಿರಲಿಲ್ಲ. ಚಿತ್ರ ಅಲ್ಲಿಗೇ ಮುಗಿಯುತ್ತದೆ.

ಆದರೂ ಆ ನೀಲಿ ಸೀರೆಯ ಬೆಳಿಗ್ಗೆ ನನ್ನ ಹತ್ತಿರ ಇಲ್ಲ. ಈಗಲೂ ಹೂಮಳೆ ಬಿದ್ದಾಗ ಹೊಟ್ಟೆಯೊಳಗೆ ಹಿಂಡಿದಂತಾಗುತ್ತದೆ.

ನಿಮ್ಮ ಕಥೆ ಏನು ಅಂತ ಬರೆದಿಲ್ಲ ನೀವು. ಅದರಲ್ಲಿ ತೋಟ ಇದ್ದರೆ, ಫೆಬ್ರವರಿಯಲ್ಲಿ ಯಾರ ತೋಟಕ್ಕೆ ಯಾವಾಗ ನೀರು ಹಾಕುತ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ.