ಮೈ ನೀಲಿಯಾಗಿಲ್ಲ ಅಂತ ಕಾಯುತ್ತಾ ಕೂರಬೇಡಿ

ಪ್ರಶ್ನೆ: ಮಗಳಿಗೆ ಮೂರು ತಿಂಗಳು. ಹುಟ್ಟಿದಾಗ ಎಲ್ಲಾ ಸರಿಯಿದೆ ಅಂದಿದ್ದರು. ಈಗ ಎಕೋ (ಹೃದಯದ ಸ್ಕ್ಯಾನ್) ಮಾಡಿ ಹೃದಯದಲ್ಲಿ ದೊಡ್ಡ ತೂತಿದೆ, ವಿಎಸ್‌ಡಿ ಅಂತಿದ್ದಾರೆ. ಮೈ ನೀಲಿಯಾಗಿಲ್ಲ. 'ತಾನೇ ಮುಚ್ಚಿಕೊಳ್ಳುತ್ತೆ, ಇಷ್ಟು ಚಿಕ್ಕದಕ್ಕೆ ಆಪರೇಷನ್ ಯಾಕೆ' ಅಂತಾರೆ ಮನೆಯಲ್ಲಿ. ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದು. ಅದಕ್ಕೇ ಹೀಗಾಯ್ತಾ? ಗ್ರಹಣದ ದಿನ ಹೊರಗೆ ಹೋಗಿದ್ದೆ ಅಂತಲೂ ಬೈತಾರೆ.
— ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲಮ್ಮ, ಆ ಮಾತು ಮನಸ್ಸಿನಿಂದ ತೆಗೆದುಹಾಕಿ. ಸಾವಿರ ಮಕ್ಕಳು ಹುಟ್ಟಿದರೆ ಎಂಟು ಒಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಅದರಲ್ಲಿ ವಿಎಸ್‌ಡಿಯೇ, ಅಂದರೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯ ತೂತೇ ಜಾಸ್ತಿ, ಶ್ರೀಮಂತ ದೇಶಗಳಲ್ಲೂ ಅಷ್ಟೇ. ವ್ಯತ್ಯಾಸ ಇರುವುದು ಗೊತ್ತಾಗುವ ಹೊತ್ತಿನಲ್ಲಿ. ಅಲ್ಲಿ ಎಷ್ಟೋ ಮಕ್ಕಳದ್ದು ಹೊಟ್ಟೆಯಲ್ಲಿದ್ದಾಗಲೇ ಅಥವಾ ಹುಟ್ಟಿದ ಕೆಲವೇ ವಾರಗಳಲ್ಲಿ ಗೊತ್ತಾಗುತ್ತದೆ. ಭಾರತ, ಇಥಿಯೋಪಿಯಾ, ನೈಜೀರಿಯಾದಂಥ ಕಡೆ ಮತ್ತೆ ಮತ್ತೆ ನ್ಯುಮೋನಿಯಾ ಬಂದು, ತೂಕ ಏರದೆ, ಕೆಲವು ಸಲ ಶಾಲೆಗೆ ಸೇರಿದ ಮೇಲೆ ಮಗು ಹೃದಯದ ಡಾಕ್ಟರ ಹತ್ತಿರ ಬರುತ್ತದೆ. ನಿಮ್ಮ ಮಗಳದ್ದು ಮೂರೇ ತಿಂಗಳಿಗೆ ಗೊತ್ತಾಗಿದೆ. ಆ ಅವಕಾಶ ಕಳೆದುಕೊಳ್ಳಬೇಡಿ.

ಹುಟ್ಟಿದ ದಿನ ಯಾಕೆ ಗೊತ್ತಾಗಲಿಲ್ಲ ಅಂತೀರಾ? ಆಗ ಶ್ವಾಸಕೋಶದಲ್ಲಿ ಒತ್ತಡ ಜಾಸ್ತಿ ಇರುತ್ತದೆ, ತೂತಿನಲ್ಲಿ ರಕ್ತ ಅಷ್ಟಾಗಿ ಹರಿಯುವುದಿಲ್ಲ, ಸ್ಟೆತಸ್ಕೋಪಿಗೆ ಶಬ್ದವೇ ಸಿಗದೆ ಇರಬಹುದು. ವಾರಗಳು ಕಳೆದಂತೆ ಆ ಒತ್ತಡ ಇಳಿದು, ಎಡಗಡೆಯ ರಕ್ತ ಬಲಕ್ಕೆ ನುಗ್ಗಿ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಈ ಹಂತದಲ್ಲಿ ಮೈ ನೀಲಿಯಾಗುವುದಿಲ್ಲ, ಅದಕ್ಕೇ ಜನ ಮೋಸ ಹೋಗುವುದು. ಹಾಲು ಕುಡಿಯುವಾಗ ನೋಡಿ: ನಾಲ್ಕು ಗುಟುಕು ಕುಡಿದು ಸುಸ್ತಾಗಿ ಬಿಡುತ್ತದಾ, ಹಣೆ ಬೆವರುತ್ತದಾ, ಪಕ್ಕೆ ಒಳಗೆ ಎಳೆಯುತ್ತದಾ? ಮಲಗಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಈ ವಯಸ್ಸಿಗೆ 50 ದಾಟಿದರೆ ಅವತ್ತೇ ಆಸ್ಪತ್ರೆಗೆ ಹೊರಡಿ.

ಚಿಕ್ಕ ತೂತುಗಳು ಎಷ್ಟೋ ಸಲ ತಾವೇ ಮುಚ್ಚಿಕೊಳ್ಳುತ್ತವೆ, ಮನೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಆದರೆ ದೊಡ್ಡದನ್ನು ಹಾಗೇ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ದಪ್ಪಗಾಗಿ ಗಟ್ಟಿಯಾಗುತ್ತವೆ. ಆ ಹಂತ ದಾಟಿದ ಮೇಲೆ ತೂತು ಮುಚ್ಚುವುದೇ ಜೀವಕ್ಕೆ ಅಪಾಯ, ಡಾಕ್ಟರು ಕೈಚೆಲ್ಲಬೇಕಾಗುತ್ತದೆ. ಮೈ ನೀಲಿಯಾಗುವುದು ಆವಾಗ. ಅದಕ್ಕೇ ದೊಡ್ಡ ವಿಎಸ್‌ಡಿಗೆ ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ಆಪರೇಷನ್ ಮಾಡುತ್ತಾರೆ. 'ದೊಡ್ಡವಳಾಗಲಿ' ಅಂತ ಸುಮ್ನೆ ಕಾಯಬೇಡಿ, ದಿನ ಯಾವುದು ಅನ್ನುವುದನ್ನು ಮಕ್ಕಳ ಹೃದಯ ತಜ್ಞರು ಹೇಳಲಿ.

ಇನ್ನು ಸಂಬಂಧದ ಮದುವೆ. ಅಪಾಯ ಸ್ವಲ್ಪ ಜಾಸ್ತಿ ಮಾಡುತ್ತದೆ, ಮೈಸೂರಿನಲ್ಲಿ ನಡೆದ ಅಧ್ಯಯನದಲ್ಲೂ ಇದು ಕಂಡಿದೆ. ಆದರೆ ಹೊರಗಿನ ಸಂಬಂಧದವರ ಮಕ್ಕಳಿಗೂ ಬರುತ್ತದೆ, ನಿಮ್ಮ ಮಗಳಿಗೆ ಅದರಿಂದಲೇ ಬಂತು ಅಂತ ಯಾರೂ ಹೇಳಲಾಗದು. ಮುಂದಿನ ಸಲ ಗರ್ಭಿಣಿಯಾದರೆ 18ರಿಂದ 22 ವಾರದೊಳಗೆ ಮಗುವಿನ ಹೃದಯದ ಎಕೋ ಮಾಡಿಸಿ.

ದುಡ್ಡಿನ ಚಿಂತೆ ಇದ್ದರೆ ಆಶಾ ಕಾರ್ಯಕರ್ತೆಯ ಹತ್ತಿರ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಬಗ್ಗೆ ಕೇಳಿ. ಮಕ್ಕಳಿಗೆ ಉಚಿತ ತಪಾಸಣೆ, ಚಿಕಿತ್ಸೆ ಕೊಡಿಸಲು 2013ರಲ್ಲಿ ಶುರುವಾದ ಸರ್ಕಾರಿ ಯೋಜನೆ, ಹುಟ್ಟು ಹೃದಯ ದೋಷವೂ ಅದರ ಪಟ್ಟಿಯಲ್ಲಿದೆ. ಎಕೋ ರಿಪೋರ್ಟ್ ಜೊತೆಗೆ ತಾಯಿ ಕಾರ್ಡನ್ನೂ ತೆಗೆದುಕೊಂಡು ಈ ವಾರವೇ ಹೋಗಿ.