ಯಾವ ಬಸ್ಸು, ಪುಟ್ಟಿ?

ಮಗುವನ್ನು ದತ್ತು ಪಡೆದ ಅಪ್ಪ-ಅಮ್ಮ ನನ್ನ ಹತ್ತಿರ ಸಲಹೆಗೆ ಬಂದರೆ ಒಂದು ಮಾತು ಹೇಳಿಯೇ ಹೇಳುತ್ತಾರೆ: "ನಾವು ಯಾವತ್ತೂ ಭೇದ ಮಾಡಿಲ್ಲ ಮೇಡಂ." ಮಾಡಿರುವುದಿಲ್ಲ, ನಿಜ. ಆದರೂ ಮಗು ಒಳಗೊಳಗೇ ಕುಗ್ಗಿರುತ್ತದೆ. ಕಾರವಾರದ ಈ ಮನೆಯ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಬದಲಿಸಿ ಬರೆಯುತ್ತಿದ್ದೇನೆ.

ಹುಡುಗಿಗೆ ಹದಿನೈದು. ಹುಟ್ಟಿದ್ದು ಈಶಾನ್ಯದ ಒಂದು ರಾಜ್ಯದಲ್ಲಿ. ಎರಡು ವರ್ಷ ತುಂಬುವ ಮೊದಲೇ ಇಲ್ಲಿಗೆ ಬಂದವಳು. ಈಗ ಶಾಲೆ ಬೇಡ, ಊಟ ಬೇಡ, ನಿದ್ದೆಯಿಲ್ಲ.

ಮೂರನೇ ಭೇಟಿಯಲ್ಲಿ ಅಪ್ಪ ಮತ್ತೆ ಅದನ್ನೇ ಹೇಳಿದರು: "ಇವಳ ಮುಖ ಬೇರೆ ಅಂತ ನಮಗೆ ಕಾಣೂದೇ ಇಲ್ಲ."

ಹುಡುಗಿ ತಲೆ ಎತ್ತಿದಳು. "ನಿನಗೆ ಕಾಣೂದಿಲ್ಲ ಅಪ್ಪಾ. ಕಂಡಕ್ಟರಿಗೆ ಕಾಣ್ತದೆ. ಹೊಸಬರು ಬಂದಾಗಲೆಲ್ಲ ಹಿಂದಿಯಲ್ಲೇ ಮಾತಾಡಿಸ್ತಾರೆ. ನಾನು ಕನ್ನಡದಲ್ಲಿ ಹೇಳಿದ್ರೆ, ಎಷ್ಟು ಚಲೋ ಕಲ್ತಿದ್ದೀ ಅಂತ ಹೊಗಳ್ತಾರೆ. ನಿನಗೆ ಕಾಣದೇ ಇದ್ರೆ ಇದನ್ನ ನಾನು ಯಾರ ಹತ್ರ ಹೇಳಲಿ?"

ಅಮ್ಮ "ಅದೆಲ್ಲ ತಲೆಗೆ ಹಚ್ಕೋಬೇಡ" ಎನ್ನಲು ಹೊರಟರು. ನಾನು ಕೈ ಸನ್ನೆ ಮಾಡಿ ತಡೆದೆ. ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಯಾವ ಬಸ್ಸು, ಪುಟ್ಟಿ?"

ಅವಳು ಮುಕ್ಕಾಲು ಗಂಟೆ ಮಾತಾಡಿದಳು. ಬಸ್ಸು. ಮದುವೆಮನೆಯಲ್ಲಿ "ನೇಪಾಳದವಳಾ?" ಎಂದವರು. ಕೊರೊನಾ ಬಂದ ವರ್ಷ ಓಣಿಯ ಮಕ್ಕಳು ಇಟ್ಟ ಹೆಸರು. ಒಂದೂ ಮನೆಯವರಿಗೆ ಗೊತ್ತಿರಲಿಲ್ಲ.

ಕೊರಿಯಾದಿಂದ ಅಮೆರಿಕದ ಬಿಳಿಯರ ಮನೆಗಳಿಗೆ ದತ್ತು ಹೋದ ಮಕ್ಕಳ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ರಿಚರ್ಡ್ ಲೀ 2003ರಲ್ಲಿ ಈ ಇಕ್ಕಟ್ಟಿನ ಬಗ್ಗೆ ಬರೆದರು. ಮನೆಯಲ್ಲಿ ಆ ಮಗು ಬಿಳಿಯರ ಮಗುವೇ. ಹೊಸಿಲು ದಾಟಿದರೆ ಅಲ್ಲ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ, ಇದನ್ನು ಹೆತ್ತವರಿಗೆ ಮೊದಲು ಹೇಳುತ್ತೇನೆ. ಆದರೆ ಹೊರಗಿನವರ ಮಾತು ಮನಸ್ಸಿಗೆ ಪೆಟ್ಟು ಕೊಡುತ್ತದೆ. ಮನೆಯಲ್ಲಿ ಅದರ ಮಾತೇ ಇಲ್ಲದಿದ್ದರೆ ಮಗು ಅದನ್ನು ಒಬ್ಬಂಟಿಯಾಗಿ ಹೊರಬೇಕು. ನಮ್ಮ ಹುಡುಗಿ ದೇಶ ದಾಟಿಲ್ಲ, ಅಷ್ಟೇ ವ್ಯತ್ಯಾಸ.

ಅವಳ ಅಜ್ಜಿಗೆ ನನ್ನ ಮೇಲೆ ಸಿಟ್ಟು. ಇಲ್ಲದ್ದನ್ನು ಹುಡುಗಿಯ ತಲೆಗೆ ತುಂಬಿದೆ ಎಂದರು. ನಾನು ಒಪ್ಪುವುದಿಲ್ಲ. ಮೂರನೇ ಕ್ಲಾಸಿನಿಂದಲೇ ಅದು ಅಲ್ಲಿತ್ತು. ಪ್ರೀತಿ ಇದ್ದರೆ ಸಾಕು ಎಂದು ನಾನೂ ಮೊದಲು ನಂಬಿದ್ದೆ. ಪ್ರೀತಿಗೆ ಕಣ್ಣೂ ಬೇಕು ಅಲ್ವಾ?

ಸಲಹೆ ಜಾಸ್ತಿ ಕೊಡಲಿಲ್ಲ. ಅವಳು ಏನಾದರೂ ಹೇಳಿದರೆ ಸಮಾಧಾನ ಮಾಡುವ ಮೊದಲು "ಏನಾಯ್ತು?" ಎಂದು ಕೇಳಿ. ನೆಂಟರೆದುರು ಏನು ಹೇಳಬೇಕು, ಏನು ಬೇಡ ಎಂಬುದನ್ನು ಅವಳೇ ತೀರ್ಮಾನಿಸಲಿ. ಹುಟ್ಟಿದ ಕಡೆಯ ಊಟ, ಭಾಷೆ, ಜನರ ಬಗ್ಗೆ ಅವಳ ಜೊತೆ ನೀವೂ ತಿಳಿದುಕೊಳ್ಳಿ. ದತ್ತಿನ ಕಾಗದಗಳನ್ನು ಬೀಗ ಹಾಕಿ ಇಡಬೇಡಿ. 2022ರ ದತ್ತು ನಿಯಮಗಳ ಪ್ರಕಾರ 18 ದಾಟಿದವರು ತಮ್ಮ ಮೂಲ ಹುಡುಕಲು ತಾವೇ ಅರ್ಜಿ ಹಾಕಬಹುದು. ಅದಕ್ಕಿಂತ ಚಿಕ್ಕವರು ಸಾಕಿದ ಅಪ್ಪ-ಅಮ್ಮನ ಜೊತೆ ಸೇರಿ ಹಾಕಬೇಕು.

ಫೈಲು ಈಗ ಅವಳ ಕಪಾಟಿನಲ್ಲಿದೆ. ಇನ್ನೂ ತೆರೆದಿಲ್ಲವಂತೆ. ಯಾವಾಗ ನೋಡ್ತೀಯೆಂದು ಅಮ್ಮ ಎರಡು ಸಲ ಕೇಳಿದ್ದಾರೆ. ಕೇಳಬೇಡಿ ಎಂದಿದ್ದೇನೆ.